ಅಮೆರಿಕದಲ್ಲಿ ಆರ್‌ಡಿ ಆಗಬೇಕಾ? ಮೊದಲು ಪ್ರಿಸೆಪ್ಟರ್ ಯಾರು ಹುಡುಕ್ತಾರೆ ಅಂತ ಕೇಳಿ

ಮೈಸೂರಲ್ಲೋ ಬೆಂಗಳೂರಲ್ಲೋ ನ್ಯೂಟ್ರಿಷನ್ ಎಂಎಸ್ಸಿ ಮುಗಿಸಿ, ಮದುವೆಯಾಗಿ ಅಮೆರಿಕಕ್ಕೆ ಬಂದ ಹುಡುಗಿಯರಿಂದ ನನಗೆ ಬರುವ ಮೆಸೇಜು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. "ಅಕ್ಕಾ, ಇಲ್ಲಿ ಆರ್‌ಡಿ ಎಕ್ಸಾಮ್ ಬರೀಬೇಕು. ಯಾವ ಪುಸ್ತಕ ಓದ್ಲಿ?"

ಆರ್‌ಡಿ ಅಂದರೆ ರಿಜಿಸ್ಟರ್ಡ್ ಡಯಟೀಶಿಯನ್, ನೋಂದಾಯಿತ ಆಹಾರತಜ್ಞೆ. ಪುಸ್ತಕದ ಮಾತು ಆಮೇಲೆ. ಇಲ್ಲಿ ಪರೀಕ್ಷೆ ಬರೆಯುವುದು ಕೊನೇ ಮೆಟ್ಟಿಲು. ಅದಕ್ಕೆ ಕೂರಲು ಮೊದಲು ಮೂರು ವಿಷಯ ಕೈಯಲ್ಲಿರಬೇಕು: ಒಂದು ಮಾಸ್ಟರ್ಸ್ ಪದವಿ, ಇಲ್ಲಿನವರು ಒಪ್ಪುವ ಡಯಟೆಟಿಕ್ಸ್ ಕೋರ್ಸುಗಳು, ಮತ್ತೆ ಮೇಲ್ವಿಚಾರಣೆಯಲ್ಲಿ ಮಾಡಿದ ಸಾವಿರ ಗಂಟೆಗಳ ಕೆಲಸ. ಊರಿಂದ ಓದಿಕೊಂಡು ಬಂದವರು ಮೊದಲನೆಯದನ್ನು ದಾಟುತ್ತಾರೆ, ಎರಡನೆಯದರಲ್ಲಿ ಸ್ವಲ್ಪ ತಡವರಿಸುತ್ತಾರೆ, ಮೂರನೆಯದರಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ನಾನು ಮಾನಸಗಂಗೋತ್ರಿಯಲ್ಲಿ ಓದಿ ಬಂದವಳು. ಈಗ ಒಹಾಯೊದ ಒಂದು ಆಸ್ಪತ್ರೆಯಲ್ಲಿ ಕ್ಲಿನಿಕಲ್ ಡಯಟೀಶಿಯನ್. ಇಂಟರ್ನ್‌ಗಳಿಗೆ ಪ್ರಿಸೆಪ್ಟರ್, ಅಂದರೆ ಕೆಲಸದ ಜಾಗದಲ್ಲಿ ಜೊತೆಗಿದ್ದು ಕಲಿಸುವವಳು, ಕೂಡ ಹೌದು. ಹಾಗಾಗಿ ಅರ್ಜಿ ಹಾಕುವವರ ಕಷ್ಟವೂ ಗೊತ್ತು, ಅರ್ಜಿ ಬಂದಾಗ ಈ ಕಡೆ ಕೂತವರು ಏನು ನೋಡುತ್ತೇವೆ ಅನ್ನೋದೂ ಗೊತ್ತು.

ಯಾರು ಯಾರು ಇದ್ದಾರೆ

ಎರಡು ಹೆಸರು ನೆನಪಿಟ್ಟುಕೊಂಡರೆ ಸಾಕು. ಕೋರ್ಸು ಮತ್ತು ಇಂಟರ್ನ್‌ಶಿಪ್‌ಗಳಿಗೆ ಮಾನ್ಯತೆ ಕೊಡುವುದು ಎಸೆಂಡ್. ಪರೀಕ್ಷೆ ನಡೆಸಿ ಆರ್‌ಡಿ ಅಂತ ನೋಂದಾಯಿಸುವುದು ಸಿಡಿಆರ್. ಎಸೆಂಡ್ ಪಟ್ಟಿಯಲ್ಲಿ ಇಲ್ಲದ ಕಡೆ ನೀವು ಎಷ್ಟೇ ಗಂಟೆ ದುಡಿದರೂ ಸಿಡಿಆರ್ ಲೆಕ್ಕಕ್ಕೆ ತಗೊಳ್ಳುವುದಿಲ್ಲ. "ನ್ಯೂಟ್ರಿಷನ್ ಕೋಚ್" ಅಂತ ಆರು ವಾರದ ಸರ್ಟಿಫಿಕೇಟ್ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಅದಕ್ಕೂ ಆರ್‌ಡಿಗೂ ಸಂಬಂಧ ಇಲ್ಲ.

2024ರ ಜನವರಿ 1ರಿಂದ ಪರೀಕ್ಷೆಗೆ ಮಾಸ್ಟರ್ಸ್ ಕಡ್ಡಾಯ. ಅದಕ್ಕೂ ಮೊದಲು ಬಿಎಸ್ಸಿ ಸಾಕಿತ್ತು. ನಿಮ್ಮ ಎಂಎಸ್ಸಿ ಇಲ್ಲಿನ ಮಾಸ್ಟರ್ಸ್‌ಗೆ ಸಮ ಅಂತ ಮೌಲ್ಯಮಾಪನ ಸಂಸ್ಥೆ ಬರೆದುಕೊಟ್ಟರೆ ಆ ಷರತ್ತು ಮುಗಿಯಿತು. ಆದರೆ ಇಲ್ಲೊಂದು ತೊಡಕಿದೆ. ನಮ್ಮ ಮೂರು ವರ್ಷದ ಬಿಎಸ್ಸಿಯನ್ನು ಕೆಲವು ಸಂಸ್ಥೆಗಳು ಪೂರ್ತಿ ಪದವಿ ಅಂತ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಹಾಗಾಗಿ ದುಡ್ಡು ಕಟ್ಟುವ ಮೊದಲು ನೀವು ಸೇರಬೇಕೆಂದಿರುವ ಪ್ರೋಗ್ರಾಮಿಗೆ ಒಂದು ಇಮೇಲ್ ಹಾಕಿ, ಯಾವ ಸಂಸ್ಥೆಯ ವರದಿ ನಡೆಯುತ್ತದೆ ಅಂತ ಕೇಳಿ. ಕೋರ್ಸ್-ಬೈ-ಕೋರ್ಸ್ ವರದಿಯನ್ನೇ ಮಾಡಿಸಿ. ಬರೀ ಪದವಿಯ ಹೆಸರು ಇರುವ ಅಗ್ಗದ ವರದಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಊರಿಗೆ ರಜಕ್ಕೆ ಹೋದಾಗ ಯೂನಿವರ್ಸಿಟಿಯಿಂದ ಸಿಲಬಸ್ ಪ್ರತಿಯನ್ನೂ ತೆಗೆಸಿಟ್ಟುಕೊಳ್ಳಿ. ಮಾರ್ಕ್ಸ್ ಕಾರ್ಡಿನಲ್ಲಿ "ಪೇಪರ್ 4" ಅಂತ ಮಾತ್ರ ಇದ್ದರೆ ಅದರಲ್ಲಿ ಏನು ಓದಿದ್ದೀರಿ ಅಂತ ಇಲ್ಲಿನ ಪ್ರೋಗ್ರಾಂ ಡೈರೆಕ್ಟರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ದಾರಿಗಳು

ಹಳೇ ದಾರಿ ಅಂದರೆ ಡಿಪಿಡಿ (ಡೈಡ್ಯಾಕ್ಟಿಕ್ ಪ್ರೋಗ್ರಾಂ ಇನ್ ಡಯಟೆಟಿಕ್ಸ್), ಆಮೇಲೆ ಡಿಐ. ಡಿಪಿಡಿಯಲ್ಲಿ ಬರೀ ಪಾಠ. ಅದು ಮುಗಿದಾಗ ಡೈರೆಕ್ಟರ್ ಸಹಿ ಹಾಕಿದ ವೆರಿಫಿಕೇಶನ್ ಸ್ಟೇಟ್‌ಮೆಂಟ್ ಕೊಡುತ್ತಾರೆ. ಆ ಒಂದು ಹಾಳೆ ಇಲ್ಲದೆ ಡಯಟೆಟಿಕ್ ಇಂಟರ್ನ್‌ಶಿಪ್, ಅಂದರೆ ಡಿಐ, ನಿಮ್ಮನ್ನು ಒಳಗೆ ಬಿಡುವುದಿಲ್ಲ. ಊರಿನ ಎಂಎಸ್ಸಿ ಇರುವವರಿಗೆ ಡಿಪಿಡಿ ಪೂರ್ತಿ ಮಾಡಬೇಕಾಗಿ ಬರುವುದು ಕಡಿಮೆ. ಡೈರೆಕ್ಟರ್ ನಿಮ್ಮ ವರದಿ ನೋಡಿ, ಬಯೋಕೆಮಿಸ್ಟ್ರಿ ಆಗಿದೆ, ಫಿಸಿಯಾಲಜಿ ಆಗಿದೆ, ಇವಿಷ್ಟು ಬಾಕಿ ಅಂತ ಪಟ್ಟಿ ಕೊಡುತ್ತಾರೆ. ಸಾಮಾನ್ಯವಾಗಿ ಬಾಕಿ ಉಳಿಯುವುದು ಮೆಡಿಕಲ್ ನ್ಯೂಟ್ರಿಷನ್ ಥೆರಪಿ (ರೋಗಕ್ಕೆ ತಕ್ಕ ಆಹಾರ ಚಿಕಿತ್ಸೆ), ಕೌನ್ಸೆಲಿಂಗ್, ಫುಡ್‌ಸರ್ವಿಸ್ ಮ್ಯಾನೇಜ್‌ಮೆಂಟ್ (ಆಸ್ಪತ್ರೆ, ಶಾಲೆಗಳ ಅಡುಗೆಮನೆ ನಡೆಸುವುದು). ಇವನ್ನು ಆನ್‌ಲೈನಿನಲ್ಲಿ ಮಾಡಿಸುವ ಡಿಪಿಡಿಗಳೂ ಇವೆ.

ಎರಡನೇ ದಾರಿ ಕೋಆರ್ಡಿನೇಟೆಡ್ ಪ್ರೋಗ್ರಾಂ. ಪಾಠ ಮತ್ತು ಕೆಲಸ ಒಂದೇ ಕಡೆ, ಒಂದೇ ಸಲ. ಮೂರನೆಯದು ಹೊಸದು, ಫ್ಯೂಚರ್ ಗ್ರಾಜುಯೇಟ್ ಪ್ರೋಗ್ರಾಂ. ಮಾಸ್ಟರ್ಸ್ ಮಟ್ಟದಲ್ಲೇ ಪಾಠ ಮತ್ತು ಪ್ರಾಕ್ಟೀಸ್ ಎರಡನ್ನೂ ಹೆಣೆದಿರುತ್ತಾರೆ. ಬರೀ ಬಿಎಸ್ಸಿ ಇದ್ದು ಬಂದವರಿಗೆ ನಾನು ಇದನ್ನೇ ಹೇಳುವುದು. ಹೇಗೂ ಮಾಸ್ಟರ್ಸ್ ಮಾಡಲೇಬೇಕು, ಇಂಟರ್ನ್‌ಶಿಪ್ಪಿಗೆ ಬೇರೆ ಅರ್ಜಿ ಹಾಕುವ ತಲೆನೋವು ತಪ್ಪುತ್ತದೆ.

ನಾಲ್ಕನೆಯದು ಐಎಸ್‌ಪಿಪಿ, ಅಂದರೆ ಇಂಡಿವಿಜುವಲೈಸ್ಡ್ ಸೂಪರ್‌ವೈಸ್ಡ್ ಪ್ರಾಕ್ಟೀಸ್ ಪಾಥ್‌ವೇ. ಮೊದಲೆಲ್ಲ ಇಂಟರ್ನ್‌ಶಿಪ್ ಸೀಟಿಗಿಂತ ಅರ್ಜಿ ಹಾಕುವವರು ಜಾಸ್ತಿ ಇದ್ದರು. ವೆರಿಫಿಕೇಶನ್ ಸ್ಟೇಟ್‌ಮೆಂಟ್ ಇದ್ದೂ ಸೀಟು ಸಿಗದೆ ಮನೆಯಲ್ಲಿ ಕೂತವರಿಗೆ ದಾರಿ ಆಗಲಿ ಅಂತ ಇದು ಶುರುವಾಯಿತು. ಡಾಕ್ಟರೇಟ್ ಇದ್ದವರಿಗೂ ಇದರಲ್ಲಿ ಅವಕಾಶ ಕೊಟ್ಟರು. ಈಗಾಗಲೇ ಮಾನ್ಯತೆ ಇರುವ ಪ್ರೋಗ್ರಾಮೊಂದರ ನೆರಳಲ್ಲಿ, ನಿಮ್ಮ ಊರಲ್ಲೇ, ನಿಮಗೆ ಹೊಂದುವ ಹಾಗೆ ಗಂಟೆಗಳನ್ನು ಮುಗಿಸುವ ವ್ಯವಸ್ಥೆ. ಕೇಳಲು ಚೆನ್ನಾಗಿದೆ. ಆದರೆ ಬಹಳಷ್ಟು ಕಡೆ ಪ್ರಿಸೆಪ್ಟರ್‌ಗಳನ್ನು ನೀವೇ ಹುಡುಕಿಕೊಳ್ಳಬೇಕು. ದೂರಶಿಕ್ಷಣದ ಡಿಐಗಳಲ್ಲೂ ಇದೇ ಕಥೆ.

ವಿದೇಶದ ಡಯಟೀಶಿಯನ್‌ಗಳಿಗೆಂದೇ ಇರುವ ಪ್ರೋಗ್ರಾಂ ಅಂತಲೂ ಒಂದು ವರ್ಗ ಇದೆ, ಆದರೆ ಅವು ಬೆರಳೆಣಿಕೆಯಷ್ಟು. ಕೆಲವು ದೇಶಗಳ ನೋಂದಣಿಗೆ ಸಿಡಿಆರ್ ಜೊತೆ ಒಪ್ಪಂದ ಇದೆ, ಭಾರತಕ್ಕೆ ಇಲ್ಲ. ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ನಿನ ಆರ್‌ಡಿ ಇದ್ದವರೂ ಇಲ್ಲಿ ಈ ಸಾಲಿನಲ್ಲೇ ನಿಲ್ಲಬೇಕು. ಬೇಜಾರಾಗುತ್ತದೆ, ನಿಜ. ಆದರೆ ಆ ಅನುಭವ ಪೂರ್ತಿ ನೀರುಪಾಲಲ್ಲ. ಹಿಂದಿನ ಕಲಿಕೆಯನ್ನು ಹೇಗೆ ಪರಿಗಣಿಸುತ್ತೇವೆ ಅಂತ ಪ್ರತಿ ಪ್ರೋಗ್ರಾಮೂ ಒಂದು ನಿಯಮ ಇಟ್ಟುಕೊಂಡಿರಬೇಕು. ಕೆಲವರು ಗಂಟೆ ಕಡಿಮೆ ಮಾಡುತ್ತಾರೆ. ಊರಿನ ಆಸ್ಪತ್ರೆಯಿಂದ ಪತ್ರ ತರಿಸುವಾಗ "ಇವರು ನಮ್ಮಲ್ಲಿ ಕೆಲಸ ಮಾಡಿದ್ದಾರೆ, ಒಳ್ಳೆಯ ನಡತೆ" ಅಂತ ಬರೆಸಬೇಡಿ. ಯಾವ ವಾರ್ಡು, ಎಷ್ಟು ತಿಂಗಳು, ವಾರಕ್ಕೆ ಎಷ್ಟು ಗಂಟೆ, ಏನೇನು ಕೆಲಸ ಅಂತ ಬರೆಸಿ.

ಹಾಗಾದರೆ ಯಾವುದನ್ನು ಆರಿಸಬೇಕು? ಕಾಲೇಜಿನ ಹೆಸರು, ರ‍್ಯಾಂಕಿಂಗ್ ಎಲ್ಲ ಪಕ್ಕಕ್ಕಿಡಿ. ಮಾಹಿತಿ ಸಭೆಯಲ್ಲಿ ಎರಡೇ ಪ್ರಶ್ನೆ ಕೇಳಿ. ಪ್ರಿಸೆಪ್ಟರ್‌ಗಳನ್ನು ನೀವು ಕೊಡುತ್ತೀರೋ, ನಾನು ಹುಡುಕಬೇಕೋ? ನನ್ನ ಮನೆಯಿಂದ ಓಡಾಡುವ ದೂರದಲ್ಲಿ ನಿಮಗೆ ಒಪ್ಪಂದ ಇರುವ ಆಸ್ಪತ್ರೆ ಯಾವುದು? ಈ ಎರಡಕ್ಕೆ ನೇರ ಉತ್ತರ ಕೊಡದ ಪ್ರೋಗ್ರಾಂ ಎಷ್ಟೇ ಅಗ್ಗ ಇದ್ದರೂ ಬೇಡ.

ಪ್ರಿಸೆಪ್ಟರ್ ಹುಡುಕುವುದು

ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಜನ ಕೈಚೆಲ್ಲುವುದು ಇಲ್ಲೇ.

ಪ್ರಿಸೆಪ್ಟರ್‌ಗೆ ಸಾಮಾನ್ಯವಾಗಿ ಸಂಬಳ ಇಲ್ಲ. ನನ್ನ ದಿನದ ಕೆಲಸ ಹಾಗೇ ಇರುತ್ತದೆ, ಜೊತೆಗೆ ನಿಮಗೆ ಕಲಿಸಬೇಕು. ಮೊದಲ ಎರಡು ವಾರ ಇಂಟರ್ನ್ ಬಂದರೆ ನನ್ನ ಕೆಲಸ ನಿಧಾನ ಆಗುತ್ತದೆ. ಇಷ್ಟಾದರೂ ನಾವು ಒಪ್ಪಿಕೊಳ್ಳುವುದು ನಮಗೂ ಯಾರೋ ಒಬ್ಬರು ಕಲಿಸಿದ್ದರಿಂದ. ಹಾಗಾಗಿ ಇಮೇಲ್ ಬರೆಯುವಾಗ ನಿಮ್ಮ ಜೀವನದ ಕಥೆ ಬೇಡ. ಯಾವ ಪ್ರೋಗ್ರಾಂ, ಯಾವ ರೊಟೇಷನ್ (ಆಸ್ಪತ್ರೆ, ಅಡುಗೆಮನೆ, ಕಮ್ಯುನಿಟಿ ಹೀಗೆ ಸರದಿಯಲ್ಲಿ ಮಾಡುವ ಕೆಲಸದ ಒಂದು ಭಾಗ), ಯಾವ ತಾರೀಕಿನಿಂದ ಯಾವ ತಾರೀಕು, ವಾರಕ್ಕೆ ಎಷ್ಟು ಗಂಟೆ, ನಿಮ್ಮ ಡೈರೆಕ್ಟರ್ ಹೆಸರು ಮತ್ತು ಫೋನು. ಆರು ಸಾಲು ಸಾಕು. "ಯಾವಾಗ ಬೇಕಾದರೂ ಬರ್ತೀನಿ" ಅಂದರೆ ನಮಗೆ ಉತ್ತರ ಕೊಡುವುದೇ ಕಷ್ಟ. ತಾರೀಕು ಇದ್ದರೆ ರಜೆ ಪಟ್ಟಿ ನೋಡಿ ಹೌದು ಅಥವಾ ಇಲ್ಲ ಅನ್ನಬಹುದು.

ಡಯಟೀಶಿಯನ್ ಒಪ್ಪಿದ ಮಾತ್ರಕ್ಕೆ ಕೆಲಸ ಆಯಿತು ಅಂದುಕೊಳ್ಳಬೇಡಿ. ಆಸ್ಪತ್ರೆ ಮತ್ತು ನಿಮ್ಮ ಪ್ರೋಗ್ರಾಂ ನಡುವೆ ಅಫಿಲಿಯೇಷನ್ ಅಗ್ರಿಮೆಂಟ್ ಇರಬೇಕು. ಇಲ್ಲದಿದ್ದರೆ ಎರಡೂ ಕಡೆಯ ವಕೀಲರು ಓದಿ ಸಹಿ ಹಾಕುವಷ್ಟರಲ್ಲಿ ತಿಂಗಳುಗಳೇ ಹೋಗುತ್ತವೆ. ನನ್ನ ಹತ್ತಿರ ಬರಬೇಕಿದ್ದ ಒಬ್ಬ ಹುಡುಗಿಗೆ ನಾನು ಒಪ್ಪಿದ್ದೆ, ಮ್ಯಾನೇಜರೂ ಒಪ್ಪಿದ್ದರು. ಕಾಗದ ಮಾತ್ರ ಲೀಗಲ್ ವಿಭಾಗದಲ್ಲಿ ಕೂತುಬಿಟ್ಟಿತು. ಅವಳ ತಾರೀಕು ಮುಗಿದ ಮೇಲೆ ಸಹಿ ಬಂತು. ಅದಕ್ಕೇ ಮೊದಲು ಒಪ್ಪಂದ ಇರುವ ಕಡೆ ಹುಡುಕಿ, ಆಮೇಲೆ ಉಳಿದ ಕಡೆ.

ಕ್ಲಿನಿಕಲ್ ರೊಟೇಷನ್ನಿಗೆ ಆಸ್ಪತ್ರೆ ಸಿಗುವುದೇ ಕಷ್ಟ, ಅದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಫುಡ್‌ಸರ್ವಿಸ್ ಸುಲಭ. ಅಲ್ಲಿ ಪ್ರಿಸೆಪ್ಟರ್ ಆರ್‌ಡಿಯೇ ಆಗಬೇಕೆಂದಿಲ್ಲ, ಅನುಭವಿ ಫುಡ್‌ಸರ್ವಿಸ್ ಮ್ಯಾನೇಜರ್ ಆದರೂ ನಡೆಯುತ್ತದೆ. ಶಾಲೆಗಳ ಊಟದ ವಿಭಾಗ, ವೃದ್ಧರ ನರ್ಸಿಂಗ್ ಹೋಮು, ಡಯಾಲಿಸಿಸ್ ಸೆಂಟರು ಇವನ್ನು ಜನ ಮರೆತೇಬಿಡುತ್ತಾರೆ. ಡಯಾಲಿಸಿಸ್ ಸೆಂಟರಿನಲ್ಲಿ ಒಬ್ಬರಾದರೂ ಆರ್‌ಡಿ ಇದ್ದೇ ಇರುತ್ತಾರೆ. ಅದೇ ರೋಗಿಗಳು ವಾರಕ್ಕೆ ಮೂರು ಸಲ ಬರುವುದರಿಂದ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತ ನನ್ನ ಅಭಿಪ್ರಾಯ. ಇವತ್ತು ಹೇಳಿದ್ದು ನಾಡಿದ್ದು ನಡೆದಿದೆಯಾ ಇಲ್ಲವಾ ಅಂತ ಕಣ್ಣಾರೆ ನೋಡಬಹುದು.

ಜೊತೆಗೆ ಸಣ್ಣಪುಟ್ಟ ಕಾಗದಗಳು: ಲಸಿಕೆ ದಾಖಲೆ, ಟಿಬಿ ಪರೀಕ್ಷೆ, ಡ್ರಗ್ ಟೆಸ್ಟು, ಬ್ಯಾಕ್‌ಗ್ರೌಂಡ್ ಚೆಕ್, ಲಯಬಿಲಿಟಿ ಇನ್ಶೂರೆನ್ಸು, ಬಹಳ ಕಡೆ ಆಹಾರ ಸುರಕ್ಷತೆಯ ಸರ್ವ್‌ಸೇಫ್ ಸರ್ಟಿಫಿಕೇಟು. ಊರಲ್ಲಿ ಚಿಕ್ಕಂದಿನಲ್ಲಿ ಬಿಸಿಜಿ ಹಾಕಿಸಿಕೊಂಡವರಿಗೆ ಚರ್ಮದ ಟಿಬಿ ಪರೀಕ್ಷೆ ಸುಮ್ನೆ ಪಾಸಿಟಿವ್ ತೋರಿಸಬಹುದು. ರಕ್ತದ ಪರೀಕ್ಷೆ ಮಾಡಿಸುತ್ತೇನೆ ಅಂತ ಮೊದಲೇ ಕೇಳಿ. ಎಚ್4 ವೀಸಾದಲ್ಲಿ (ಎಚ್1ಬಿ ಕೆಲಸದ ವೀಸಾ ಇರುವವರ ಹೆಂಡತಿ ಅಥವಾ ಗಂಡನಿಗೆ ಸಿಗುವುದು) ಇರುವವರು ಓದಬಹುದು. ಆದರೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೆ ಬ್ಯಾಕ್‌ಗ್ರೌಂಡ್ ಚೆಕ್ ಫಾರಂ ಅಲ್ಲೇ ನಿಂತುಬಿಡಬಹುದು. ವೀಸಾ ವಿಷಯವನ್ನು ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಿಂದ ಬರಹದಲ್ಲೇ ಪಡೆಯಿರಿ. ಫೋನಿನಲ್ಲಿ "ಪರವಾಗಿಲ್ಲ" ಅಂದದ್ದು ಲೆಕ್ಕಕ್ಕಿಲ್ಲ.

ಸಾವಿರ ಗಂಟೆಯಲ್ಲಿ ಏನು ನಡೆಯುತ್ತದೆ

ಎಸೆಂಡಿನ 2022ರ ನಿಯಮದ ಪ್ರಕಾರ ಕಡಿಮೆಯೆಂದರೆ 1,000 ಗಂಟೆ. ಅದರಲ್ಲಿ 700 ನಿಜವಾದ ಕೆಲಸದ ಜಾಗದಲ್ಲೇ ಆಗಬೇಕು. ಉಳಿದದ್ದು ಸಿಮ್ಯುಲೇಶನ್, ಕೇಸ್ ಸ್ಟಡಿ ಹೀಗೆ ಆಗಬಹುದು. ಮೊದಲು 1,200 ಇತ್ತು. ಈಗಿನ 1,000 ಅಂದರೆ ವಾರಕ್ಕೆ 40 ಗಂಟೆಯಂತೆ 25 ವಾರ ಆಯಿತು. ಮಗು ಚಿಕ್ಕದಿದೆ, ವಾರಕ್ಕೆ 25 ಗಂಟೆ ಅಂದರೆ 40 ವಾರ. ಸಾಮಾನ್ಯವಾಗಿ ಇದಕ್ಕೆ ಸಂಬಳ ಇಲ್ಲ, ಫೀಸು ನೀವೇ ಕಟ್ಟುತ್ತೀರಿ. ಕಾರು ಬೇಕೇ ಬೇಕು. ಒಂದು ಮಾತು ಗೊತ್ತಿರಲಿ: ಇಂಟರ್ನನ್ನು ಸಿಬ್ಬಂದಿಯ ಬದಲಿಗೆ ದುಡಿಸಿಕೊಳ್ಳುವಂತಿಲ್ಲ ಅಂತ ಎಸೆಂಡ್ ನಿಯಮವೇ ಇದೆ. ವಾರಗಟ್ಟಲೆ ಟ್ರೇ ಜೋಡಿಸಲು ನಿಲ್ಲಿಸಿದರೆ ಡೈರೆಕ್ಟರಿಗೆ ಹೇಳಿ.

ಕ್ಲಿನಿಕಲ್‌ನಲ್ಲಿ ನಮ್ಮ ಊರಿನ ಓದಿಗೂ ಇಲ್ಲಿಗೂ ದೊಡ್ಡ ವ್ಯತ್ಯಾಸ ಎರಡು.

ಒಂದು, ಅಲ್ಬುಮಿನ್. ರಕ್ತದಲ್ಲಿ ಅಲ್ಬುಮಿನ್ ಕಡಿಮೆ ಇದೆ ಅಂದ ತಕ್ಷಣ ಅಪೌಷ್ಟಿಕತೆ ಅಂತ ಬರೆದುಬಿಡುವುದು ನಮ್ಮ ರೂಢಿ. ಇಲ್ಲಿ ಅದು ಉರಿಯೂತದ ಗುರುತು, ಪೋಷಣೆಯದಲ್ಲ. 2012ರಲ್ಲಿ ಅಕಾಡೆಮಿ (ಇಲ್ಲಿನ ಡಯಟೀಶಿಯನ್‌ಗಳ ಸಂಘ) ಮತ್ತು ಆಸ್ಪೆನ್ (ಟ್ಯೂಬು, ರಕ್ತನಾಳದ ಮೂಲಕ ಪೋಷಣೆ ಕೊಡುವವರ ಸಂಘ) ಸೇರಿ ಆರು ಲಕ್ಷಣ ಹೇಳಿದವು: ತಿನ್ನುವುದು ಎಷ್ಟು ಕಡಿಮೆಯಾಗಿದೆ, ತೂಕ ಎಷ್ಟು ಇಳಿದಿದೆ, ಕೊಬ್ಬು ಕರಗಿದೆಯಾ, ಸ್ನಾಯು ಕರಗಿದೆಯಾ, ಬಾವು ಇದೆಯಾ, ಕೈ ಹಿಡಿತ ಹೇಗಿದೆ. ಇದರಲ್ಲಿ ಎರಡಾದರೂ ಇರಬೇಕು. ಅಂದರೆ ರೋಗಿಯನ್ನು ಮುಟ್ಟಿ ನೋಡಲೇಬೇಕು. ಕಣತಲೆ ಕುಳಿಬಿದ್ದಿದೆಯಾ, ಕತ್ತಿನ ಕೆಳಗಿನ ಮೂಳೆ ಎದ್ದು ಕಾಣುತ್ತದೆಯಾ, ಹೆಬ್ಬೆರಳು ತೋರುಬೆರಳು ಸೇರಿಸಿ ಒತ್ತಿದಾಗ ನಡುವಿನ ಸ್ನಾಯು ಉಬ್ಬುತ್ತದೆಯಾ. ನನ್ನ ಹತ್ತಿರ ಬರುವ ಹುಡುಗಿಯರಿಗೆ ಮೊದಲ ದಿನ ಇದನ್ನು ನನ್ನ ಕೈಮೇಲೇ ಮಾಡಿಸುತ್ತೇನೆ. ಸಂಕೋಚ ಹೋಗಲಿ ಅಂತ.

ಎರಡು, ಬರೆಯುವ ಕ್ರಮ. ಪಿಇಎಸ್ ಅಂತ ಮೂರು ತುಂಡಿನ ವಾಕ್ಯ: ತೊಂದರೆ ಏನು, ಯಾಕೆ ಬಂತು, ಸಾಕ್ಷಿ ಏನು. ತೊಂದರೆ ಅನ್ನುವ ಕಡೆ "ಡಯಾಬಿಟಿಸ್" ಅಂತ ಬರೆದರೆ ತಪ್ಪು. ಅದು ಡಾಕ್ಟರ್ ಹೇಳುವುದು. ನೀವು ಬರೆಯಬೇಕಾದದ್ದು ನೀವು ಸರಿಪಡಿಸಬಹುದಾದ್ದನ್ನು. ಡಯಾಲಿಸಿಸ್‌ನಲ್ಲಿರುವ ನಮ್ಮವರೊಬ್ಬರು ದಿನಾ ಎಳನೀರು ಕುಡಿಯುತ್ತಾರೆ, ಪೊಟ್ಯಾಸಿಯಂ 6.1 ಬಂದಿದೆ ಅಂದುಕೊಳ್ಳಿ. ತೊಂದರೆ, ಪೊಟ್ಯಾಸಿಯಂ ಜಾಸ್ತಿ ಸೇವನೆ. ಕಾರಣ, ಎಳನೀರು ತಂಪು, ಒಳ್ಳೆಯದು ಅನ್ನುವ ನಂಬಿಕೆ, ಅದರಲ್ಲಿ ಪೊಟ್ಯಾಸಿಯಂ ಇದೆ ಅಂತ ಯಾರೂ ಹೇಳಿಲ್ಲ. ಸಾಕ್ಷಿ, ರಕ್ತದ ವರದಿ ಮತ್ತು ಅವರೇ ಹೇಳಿದ ಊಟದ ವಿವರ. ಕಾರಣ ಸರಿಯಾಗಿ ಬರೆದರೆ ಏನು ಮಾಡಬೇಕು ಅನ್ನೋದು ಅದರಲ್ಲೇ ಬಂದುಬಿಡುತ್ತದೆ.

ಇನ್ನು ಐಸಿಯು. ಇಲ್ಲಿ ಒಂದು ಲೆಕ್ಕ ತೋರಿಸುತ್ತೇನೆ, ಪ್ರತಿ ಇಂಟರ್ನಿಗೂ ಕೊಡುವಂಥದ್ದು. ವೆಂಟಿಲೇಟರಿನಲ್ಲಿರುವ ರೋಗಿ, ತೂಕ 154 ಪೌಂಡು. 2.2ರಿಂದ ಭಾಗಿಸಿ, 70 ಕೆಜಿ. ಕೆಜಿಗೆ 25 ಕ್ಯಾಲರಿ ಅಂದರೆ 1,750 ಬೇಕು. ಟ್ಯೂಬಿನಲ್ಲಿ ಮಿಲಿಗೆ 1.2 ಕ್ಯಾಲರಿಯ ಫಾರ್ಮುಲಾ ಗಂಟೆಗೆ 60 ಮಿಲಿ ಹೋಗುತ್ತಿದೆ. ದಿನಕ್ಕೆ 1,440 ಮಿಲಿ, 1,728 ಕ್ಯಾಲರಿ. ಸರಿಯಾಗಿದೆ ಅಂತ ಬರೆದು ಎದ್ದು ಹೋಗಬಹುದು. ಆದರೆ ಪಂಪುಗಳನ್ನು ನೋಡಿ. ಹಾಲಿನಂಥ ಬಿಳಿ ದ್ರವ ಇನ್ನೊಂದು ಕಡೆಯಿಂದ ಹೋಗುತ್ತಿದೆ, ಗಂಟೆಗೆ 15 ಮಿಲಿ. ಅದು ಪ್ರೊಪೊಫಾಲ್, ಮಂಪರಿನ ಔಷಧಿ, ಎಣ್ಣೆಯಲ್ಲಿ ಕಲಸಿದ್ದು. ಮಿಲಿಗೆ 1.1 ಕ್ಯಾಲರಿ. ದಿನಕ್ಕೆ 396 ಕ್ಯಾಲರಿ ಆಯಿತು. ಈಗ ಒಟ್ಟು 2,124, ಬೇಕಾದ್ದಕ್ಕಿಂತ ಜಾಸ್ತಿ. ಫಾರ್ಮುಲಾ 45 ಮಿಲಿಗೆ ಇಳಿಸಿದರೆ 1,296, ಔಷಧಿ ಸೇರಿಸಿ 1,692. ಕ್ಯಾಲರಿ ಸರಿಹೋಯಿತು. ಆದರೆ ಲೀಟರಿಗೆ 55 ಗ್ರಾಂ ಪ್ರೋಟೀನ್ ಇರುವ ಫಾರ್ಮುಲಾ ಆದರೆ ಈಗ ಸಿಗುವುದು 60 ಗ್ರಾಂ ಕೂಡ ಇಲ್ಲ. ಕೆಜಿಗೆ 1.2 ಗ್ರಾಂ ಅಂದರೂ 84 ಬೇಕು. ಹಾಗಾಗಿ ಪ್ರೋಟೀನ್ ಪುಡಿಯನ್ನೋ ದ್ರವವನ್ನೋ ಬೇರೆ ಸೇರಿಸಬೇಕು. ಮಾರನೇ ದಿನ ಪ್ರೊಪೊಫಾಲ್ ನಿಲ್ಲಿಸಿದರೆ ಎಲ್ಲಾ ಲೆಕ್ಕ ವಾಪಸ್ ಮೊದಲಿಂದ. ಅದಕ್ಕೇ ನಾನು ಹೇಳುವುದು, ಕಂಪ್ಯೂಟರಿನಲ್ಲಿ ಚಾರ್ಟ್ ಓದಿದ್ದು ಸಾಲದು, ಹಾಸಿಗೆ ಪಕ್ಕ ಹೋಗಿ ನಿಂತು ಏನೇನು ಒಳಗೆ ಹೋಗುತ್ತಿದೆ ಅಂತ ನೋಡಬೇಕು.

ಅಡುಗೆಮನೆ ರೊಟೇಷನ್ನನ್ನು ನಮ್ಮವರು ಹಗುರವಾಗಿ ನೋಡುತ್ತಾರೆ. ಪರೀಕ್ಷೆಯಲ್ಲಿ ಮ್ಯಾನೇಜ್‌ಮೆಂಟ್ ಮತ್ತು ಫುಡ್‌ಸರ್ವಿಸ್ ಎರಡೂ ಸೇರಿ ಮೂರನೇ ಒಂದು ಭಾಗ ಬರುತ್ತದೆ ಅನ್ನೋದು ಗೊತ್ತಾದಾಗ ಗಾಬರಿ. ಬಿಸಿ ಪದಾರ್ಥ 135 ಡಿಗ್ರಿ ಫ್ಯಾರನ್‌ಹೀಟಿಗಿಂತ ಮೇಲೆ, ತಣ್ಣಗಿನದು 41ಕ್ಕಿಂತ ಕೆಳಗೆ. ಬೇಯಿಸಿದ್ದನ್ನು ಎರಡು ಗಂಟೆಯೊಳಗೆ 135ರಿಂದ 70ಕ್ಕೆ, ಆಮೇಲೆ ನಾಲ್ಕು ಗಂಟೆಯೊಳಗೆ 41ಕ್ಕೆ ತಣಿಸಬೇಕು. ರಾತ್ರಿ ಉಳಿದ ಅನ್ನವನ್ನು ಪಾತ್ರೆಯಲ್ಲೇ ಮುಚ್ಚಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡಿಕೊಂಡು ಬೆಳೆದ ನಮಗೆ ಈ ನಿಯಮ ಓದಿದಾಗ ನಗು ಬರುತ್ತದೆ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಬಗ್ಗೆ ಓದಿದ ಮೇಲೆ ಅಷ್ಟು ನಗು ಬರುವುದಿಲ್ಲ.

ಕಮ್ಯುನಿಟಿ ರೊಟೇಷನ್ ಬಹಳಷ್ಟು ಜನಕ್ಕೆ ವಿಕ್ ಕ್ಲಿನಿಕ್ಕಿನಲ್ಲಿ ಆಗುತ್ತದೆ. ಕಡಿಮೆ ಆದಾಯದ ಗರ್ಭಿಣಿಯರು, ಬಾಣಂತಿಯರು, ಐದು ವರ್ಷದೊಳಗಿನ ಮಕ್ಕಳಿಗೆ ಆಹಾರ ಕೊಡುವ ಸರ್ಕಾರಿ ಕಾರ್ಯಕ್ರಮ ಅದು. ಅಲ್ಲಿ ಮಾತು ಕಡಿಮೆ ಆಡಿ, ಜಾಸ್ತಿ ಕೇಳಿಸಿಕೊಳ್ಳಿ.

ಪರೀಕ್ಷೆ, ಕೊನೆಗೆ

ಗಂಟೆಗಳು ಮುಗಿದ ಮೇಲೆ ಡೈರೆಕ್ಟರ್ ನಿಮ್ಮ ಹೆಸರನ್ನು ಸಿಡಿಆರ್‌ಗೆ ಕಳಿಸುತ್ತಾರೆ. ಪರೀಕ್ಷೆ ಪಿಯರ್ಸನ್ ವ್ಯೂ ಕೇಂದ್ರದಲ್ಲಿ, ಕಂಪ್ಯೂಟರಿನಲ್ಲಿ. ಕಡಿಮೆಯೆಂದರೆ 125 ಪ್ರಶ್ನೆ, ಜಾಸ್ತಿಯೆಂದರೆ 145. ಒಂದು ಸಲ ಉತ್ತರ ಒತ್ತಿ ಮುಂದೆ ಹೋದರೆ ಹಿಂದಕ್ಕೆ ಬಂದು ತಿದ್ದುವಂತಿಲ್ಲ. ಊರಲ್ಲಿ "ಗೊತ್ತಿಲ್ಲದ್ದನ್ನು ಬಿಟ್ಟು ಕೊನೆಗೆ ಬರೆ" ಅಂತ ಕಲಿತವರು ಈ ಅಭ್ಯಾಸವನ್ನು ಮನೆಯಲ್ಲೇ ಬಿಡಿಸಿಕೊಂಡು ಹೋಗಬೇಕು. 1ರಿಂದ 50ರ ಅಳತೆಯಲ್ಲಿ 25 ಬಂದರೆ ಪಾಸು. ಫೇಲಾದರೆ 45 ದಿನ ಕಾದು ಮತ್ತೆ ಬರೆಯಬಹುದು. ಪುಸ್ತಕ ಯಾವುದಾದರೂ ಒಂದು ಸಾಕು, ಪ್ರಶ್ನೆ ಬಿಡಿಸುವುದು ಮುಖ್ಯ. ಇಂಟರ್ನ್‌ಶಿಪ್ ಮುಗಿದು ಎರಡು ಮೂರು ತಿಂಗಳೊಳಗೆ ಕೂತುಬಿಡಿ.

ಪಾಸಾದ ಮೇಲೆ ಆರ್‌ಡಿ ಅಂತಲಾದರೂ ಹಾಕಿಕೊಳ್ಳಿ, ಆರ್‌ಡಿಎನ್ ಅಂತಲಾದರೂ ಹಾಕಿಕೊಳ್ಳಿ, ಎರಡೂ ಒಂದೇ. ಐದು ವರ್ಷಕ್ಕೊಮ್ಮೆ 75 ಕ್ರೆಡಿಟ್ ಮುಂದುವರಿದ ಕಲಿಕೆ ತೋರಿಸಬೇಕು. ಲೈಸೆನ್ಸು ರಾಜ್ಯಕ್ಕೊಂದು ಥರ. ಕ್ಯಾಲಿಫೋರ್ನಿಯಾದಲ್ಲಿ ಬೇರೆ ಲೈಸೆನ್ಸ್ ಇಲ್ಲ. ನಮ್ಮ ಒಹಾಯೊದಲ್ಲಿ ಸ್ಟೇಟ್ ಮೆಡಿಕಲ್ ಬೋರ್ಡಿನಿಂದ ತಗೊಳ್ಳಬೇಕು. ಅರ್ಜಿ ಹಾಕಿ ಕಾಯುವ ಸಮಯದಲ್ಲಿ ಸುಮ್ನೆ ಕೂರಬೇಡಿ. ಪರೀಕ್ಷೆಗೆ ಅರ್ಹರಾದವರನ್ನು ಷರತ್ತಿನ ಮೇಲೆ ತೆಗೆದುಕೊಳ್ಳುವ ಆಸ್ಪತ್ರೆಗಳು, ನರ್ಸಿಂಗ್ ಹೋಮುಗಳು ಇವೆ. ನೀವು ರೊಟೇಷನ್ ಮಾಡಿದ ಜಾಗದಲ್ಲೇ ಮೊದಲು ಕೇಳಿ, ಅಲ್ಲಿನವರಿಗೆ ನಿಮ್ಮ ಕೆಲಸ ಈಗಾಗಲೇ ಗೊತ್ತಿರುತ್ತದೆ.